ಗಾಜಿನ ಒಳಗಿನಿಂದ ಉಲ್ಟಾ ಕನ್ನಡ: ನಾನು ಹಿಡಿದ ದಾರಿ

ಅಂಗಡಿ ಬಾಗಿಲಿನ ಗಾಜಿಗೆ ಒಳಗಿನಿಂದ ಬಣ್ಣ ಹಚ್ಚಿ, ರಸ್ತೆಯಲ್ಲಿ ನಿಂತವರಿಗೆ ನೇರ ಕಾಣುವ ಹಾಗೆ ಕನ್ನಡವನ್ನು ಉಲ್ಟಾ ಬರೆಯೋದು ಆಗದ ಮಾತು ಅಂತ ದಾವಣಗೆರೆಯ ನಮ್ಮ ಪೇಂಟರ್‌ಗಳಲ್ಲಿ ಮುಕ್ಕಾಲು ಜನ ಹೇಳಿದ್ದರು. ಇಂಗ್ಲಿಷ್ ಆದರೆ ಹೇಗೋ ಬರೆಯಬಹುದು, ಕನ್ನಡದ ಒತ್ತು, ಕೊಂಬು, ದೀರ್ಘ ಎಲ್ಲಾ ಉಲ್ಟಾ ಹೊಡೆಯೋಕೆ ಹೋದರೆ ತಲೆ ಕೆಡುತ್ತದೆ ಅನ್ನೋದು ಅವರ ವಾದ. "ರೇಡಿಯಂ ಕಟಿಂಗ್‌ನವನು ಹತ್ತು ನಿಮಿಷಕ್ಕೆ ಸ್ಟಿಕ್ಕರ್ ಅಂಟಿಸಿ ಹೋಗ್ತಾನೆ, ನಿನಗ್ಯಾಕೆ ಈ ಉಸಾಬರಿ" ಅಂದವರೂ ಇದ್ದರು. ಈಗ ಅವರಲ್ಲೇ ಇಬ್ಬರು ಮೂವರು ಫೋನ್ ಮಾಡಿ "ಅಣ್ಣಾ, ಆ ಪೇಪರ್ ಹೇಗೆ ತಿರುಗಿಸ್ತೀಯ" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ. ಬ್ರಶ್ ಹಿಡಿಯೋದು, ಎನಾಮೆಲ್ ಕಲಸೋದು ನಿಮಗೆ ಗೊತ್ತು, ಅದನ್ನು ಬಿಟ್ಟುಬಿಡುತ್ತೇನೆ.

ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಇರಲೇಬೇಕು ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತಲ್ಲ, ಆಗ ಎಲ್ಲರಿಗೂ ಒಂದಿಷ್ಟು ಕೆಲಸ ಸಿಕ್ಕಿತು. ಆದರೆ ಗಾಜಿನ ಬಾಗಿಲುಗಳೆಲ್ಲ ಸ್ಟಿಕ್ಕರ್‌ನವರ ಪಾಲಾದವು. ಹೊರಗೆ ಅಂಟಿಸಿದ ಸ್ಟಿಕ್ಕರ್‌ಗೆ ನಮ್ಮೂರಿನ ಒಂದು ಬೇಸಿಗೆ ಸಾಕು, ಅಂಚು ಏಳುತ್ತದೆ. ಮೊದಲು ಹೋಗೋದು ಒತ್ತಕ್ಷರ. ಚಿಕ್ಕದು, ಅಂಟು ಕಮ್ಮಿ, ಬಾಗಿಲು ತಳ್ಳುವವರ ಕೈ ಬೇರೆ ತಾಗುತ್ತದೆ. "ಅಕ್ಕ" ಅಂತಿದ್ದ ಖಾನಾವಳಿ ಬಾಗಿಲು "ಅಕ" ಅಂತ ನಿಂತಿದ್ದನ್ನು ನಾನೇ ನೋಡಿದ್ದೇನೆ. ಒಳಗಿನಿಂದ ಬರೆದರೆ ಬಿಸಿಲು, ಮಳೆ, ಕೈ ಎಲ್ಲವನ್ನೂ ಗಾಜೇ ತಡೆದುಕೊಳ್ಳುತ್ತದೆ. ಹೊಳಪಂತೂ ಯಾವ ಸ್ಟಿಕ್ಕರ್‌ಗೂ ಬರಲ್ಲ.

ಮೊದಲು ಎಲ್ಲರೂ ಮಾಡುವ ಹಾಗೆ ಬಟರ್ ಪೇಪರ್, ಅಂದರೆ ಆಚೆ ಬದಿಯ ಗೆರೆ ಕಾಣುವ ತೆಳು ಕಾಗದದ ದಾರಿ ಹಿಡಿದೆ. ಅಕ್ಷರವನ್ನು ನೇರವಾಗಿ ಬರೆದು, ಬರೆದ ಮುಖ ರಸ್ತೆ ಕಡೆ ಬರುವ ಹಾಗೆ ಗಾಜಿನ ಹೊರಗೆ ಅಂಟಿಸಿ, ಒಳಗೆ ನಿಂತು ಕಾಣಿಸಿದ ಉಲ್ಟಾ ಗೆರೆಯ ಮೇಲೆ ಬ್ರಶ್ ಎಳೆಯೋದು. ಕಿಟಕಿಯ ತೆಳು ಗಾಜಿಗೆ ಇದು ಚೆನ್ನಾಗಿ ನಡೆಯುತ್ತದೆ. ಅಂಗಡಿ ಬಾಗಿಲಿಗೆ ಹಾಕೋದು 12 ಎಂಎಂ ಟಫನ್ ಗ್ಲಾಸ್, ಅಂದರೆ ಗಟ್ಟಿ ಮಾಡಿದ ದಪ್ಪ ಗಾಜು. ಅಲ್ಲಿ ಎಡವಟ್ಟಾಗೋದು. ಪೇಪರ್ ಆ ಕಡೆ, ಬ್ರಶ್ ಈ ಕಡೆ, ನಡುವೆ ಅಷ್ಟು ದಪ್ಪ. ತಲೆ ಸ್ವಲ್ಪ ಪಕ್ಕಕ್ಕೆ ಹೋದರೂ ಗೆರೆ ಜಾಗ ಬಿಟ್ಟು ಸರಿಯುತ್ತದೆ. ಓರೆಯಾಗಿ ನೋಡಿದರೆ ಅರ್ಧ ಸೆಂಟಿಮೀಟರ್ ತನಕ ವ್ಯತ್ಯಾಸ. ಒಂದು ಬೆಣ್ಣೆ ದೋಸೆ ಹೋಟೆಲ್‌ನಲ್ಲಿ "ದೋ" ದಪ್ಪ ಆಗಿ "ಸೆ" ಬಡಕಲಾಗಿ ಕೂತಿತ್ತು. ಯಜಮಾನರು ಏನೂ ಅನ್ನಲಿಲ್ಲ, ಅರ್ಧ ದುಡ್ಡು ಕೊಟ್ಟರು. ಬ್ಲೇಡ್ ಹಾಕಿ ಕೆರೆದು ಮತ್ತೆ ಬರೆದೆ. ಬಣ್ಣ, ಥಿನ್ನರ್, ಒಂದು ದಿನದ ಕೂಲಿ ಸೇರಿ ಸಾವಿರದ ಮೇಲೆ ಹೋಯಿತು.

ಆಮೇಲೆ ಚುಚ್ಚು ಪೇಪರ್‌ಗೆ ಬಂದೆ. ಅಕ್ಷರವನ್ನು ನೇರವಾಗಿ ಬರೆದು ಗೆರೆ ಉದ್ದಕ್ಕೂ ಸೂಜಿಯಲ್ಲಿ ತೂತು ಹಾಕಿ, ಪೇಪರ್ ಮಗುಚಿ ಗಾಜಿನ ಒಳಮೈಗೇ ಅಂಟಿಸಿ, ಬಟ್ಟೆ ಗಂಟಿನಲ್ಲಿ ಸೀಮೆಸುಣ್ಣದ ಪುಡಿ ಹಾಕಿ ತಟ್ಟೋದು. ತೂತಿಗೆ ಹಿಂದು ಮುಂದು ಇಲ್ಲ. ಒಂದೇ ಪೇಪರ್ ಹೊರಗಿನ ಬೋರ್ಡಿಗೆ ನೇರ, ಗಾಜಿಗೆ ಉಲ್ಟಾ, ಎರಡಕ್ಕೂ ಆಗುತ್ತದೆ. ನುಣುಪು ಗಾಜಿನ ಮೇಲೆ ಪುಡಿ ನಿಲ್ಲಲ್ಲ ಅಂತ ನೀವು ಹೇಳುತ್ತೀರಿ, ಗೊತ್ತು. ತಟ್ಟುವ ಮುಂಚೆ ಗಾಜಿಗೆ ಒಂದು ಒರೆಸು ಒರೆಸುತ್ತೇನೆ. ಯಾವುದರಲ್ಲಿ ಅಂತ ಕೇಳಬೇಡಿ, ಅದು ಹೊಟ್ಟೆಪಾಡು.

ಗುರುತು ಬಿದ್ದ ಮೇಲೂ ಕೈ ಹಠ ಮಾಡುತ್ತದೆ. ಎಷ್ಟೋ ವರ್ಷದಿಂದ ಬಲಕ್ಕೆ ಎಳೆದ ತಲೆಕಟ್ಟನ್ನು ಎಡಕ್ಕೆ ಎಳೆ ಅಂದರೆ ಅದು ಸುಮ್ನೆ ಕೇಳುತ್ತದಾ? ಇಲ್ಲಿಗೆ ಬಂದಾಗಲೇ ನಾನು ಅಕ್ಷರಗಳನ್ನು ಓದೋದು ಬಿಟ್ಟು ನೋಡೋಕೆ ಶುರು ಮಾಡಿದ್ದು. ಪ್ರತಿ ಅಕ್ಷರದ ನಡುವೆ ನೇರ ಗೆರೆ ಎಳೆದು ಎಡಬಲ ಎಷ್ಟು ಒಂದೇ ಥರ ಇದೆ ಅಂತ ನೋಡಿದೆ. ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಎ, ಎಚ್, ಐ, ಎಂ, ಓ, ಟಿ, ಯು, ವಿ, ಡಬ್ಲ್ಯು, ಎಕ್ಸ್, ವೈ, ಇಷ್ಟೂ ಕನ್ನಡಿಯಲ್ಲಿ ಬದಲಾಗಲ್ಲ. ಕನ್ನಡದಲ್ಲಿ ಪೂರ್ತಿ ಹಾಗಿರೋದು ಸೊನ್ನೆ ಒಂದೇ ಅನ್ನಬೇಕು. ಠ ನೋಡಿ, ಒಡಲು ದುಂಡಗೆ, ನಡುವೆ ಚುಕ್ಕಿ, ಅಲ್ಲಿಯವರೆಗೂ ಎಡಬಲ ಒಂದೇ. ತಲೆಕಟ್ಟಿನ ಬಾಲ ಮಾತ್ರ ಬಲಕ್ಕೆ ಏಳುತ್ತದೆ. ಅಂದರೆ ಠ ಬರೆಯುವಾಗ ಉಲ್ಟಾ ಮಾಡಬೇಕಾದ್ದು ಅಷ್ಟು ಚೂರು ಮಾತ್ರ. ಉಳಿದದ್ದು ಕೈಗೆ ಬಂದ ಹಾಗೆಯೇ.

ಇದನ್ನೇ ಎಲ್ಲಾ ಅಕ್ಷರಕ್ಕೂ ಮಾಡಿದೆ. ಎಡಬಲ ಒಂದೇ ಇರುವ ಭಾಗ ಪೆನ್ಸಿಲ್‌ನಲ್ಲಿ, ತಿರುಗುವ ಭಾಗ ಕೆಂಪು ಪೆನ್ನಿನಲ್ಲಿ. ಕೆಂಪು ಇದ್ದಲ್ಲಿ ಮಾತ್ರ ನಿಧಾನ. ಕೆಲಸದ ಹೊತ್ತು ಅರ್ಧಕ್ಕರ್ಧ ಇಳಿಯಿತು. ಒಂದು ವಿಷಯ ಗಮನದಲ್ಲಿರಲಿ. ತಲೆಕಟ್ಟು ಇರುವ ಅಕ್ಷರಗಳಲ್ಲಿ ತಪ್ಪು ಕಮ್ಮಿ, ಯಾಕಂದರೆ ಸಾಲಿನಲ್ಲಿ ಎಲ್ಲಾ ಬಾಲ ಎಡಕ್ಕೆ ಇರುವಾಗ ಒಂದು ಬಲಕ್ಕೆ ತಿರುಗಿದರೆ ದೂರದಿಂದಲೇ ಕಾಣುತ್ತದೆ. ಕೈ ಕೊಡೋದು ಜ, ಣ, ಬ, ಲ ಇಂಥವು. ಇವಕ್ಕೆ ತಲೆಕಟ್ಟಿಲ್ಲ, ಕಾವಲಿಲ್ಲ. ನೇರ ಬರೆದರೂ ಹತ್ತಿರ ನಿಂತವನಿಗೆ ಸರಿ ಅನಿಸುತ್ತದೆ. ಇವನ್ನು ನಾನು ಬೆಳಿಗ್ಗೆ ಕಣ್ಣು ಚುರುಕಾಗಿರುವಾಗಲೇ ಮುಗಿಸುತ್ತೇನೆ.

ಎಲ್ಲಿಂದ ಶುರು ಮಾಡಬೇಕು ಅನ್ನೋದೂ ಮುಖ್ಯ. ಒಳಗೆ ನಿಂತರೆ ಮೊದಲ ಅಕ್ಷರ ಬಲತುದಿಗೆ ಬರುತ್ತದೆ. ಅಲ್ಲಿಂದ ಎಡಕ್ಕೆ ಸಾಗಿದರೆ ಬಲಗೈಯವರ ಮುಂಗೈ ಹಸಿ ಬಣ್ಣದ ಮೇಲೇ ಓಡಾಡುತ್ತದೆ. ಅದಕ್ಕೆ ನಾನು ಕೊನೆಯ ಅಕ್ಷರದಿಂದ ಹಿಂದಕ್ಕೆ ಬರುತ್ತೇನೆ. "ಭವನ" ಆದರೆ ಮೊದಲು ನ, ಆಮೇಲೆ ವ, ಕೊನೆಗೆ ಭ. ನೋಡಿದವರು ನಕ್ಕರು. ನಗಲಿ ಬಿಡಿ.

ಬಣ್ಣದ ಸರದಿಯೂ ತಲೆಕೆಳಗು. ಬೋರ್ಡಿನಲ್ಲಿ ಕೊನೆಗೆ ಹಾಕುವ ಔಟ್‌ಲೈನ್, ಹೊಳಪಿನ ಗೆರೆ ಇಲ್ಲಿ ಮೊದಲು. ಆಮೇಲೆ ಅಕ್ಷರದ ಬಣ್ಣ, ಆಮೇಲೆ ನೆರಳು, ಬ್ಯಾಕ್‌ಗ್ರೌಂಡ್ ಇದ್ದರೆ ಎಲ್ಲಕ್ಕಿಂತ ಕೊನೆಗೆ. ಹೊರಗೆ ನೆರಳು ಬಲಕ್ಕೆ ಬೀಳಬೇಕಾದರೆ ಒಳಗೆ ಎಡಕ್ಕೆ ಹಾಕಬೇಕು. ಇನ್ನೊಂದು ಸಮಾಚಾರ, ದಪ್ಪ ಗಾಜು ತುಸು ಹಸಿರು. ಅಚ್ಚ ಬಿಳಿ ಹಚ್ಚಿದರೆ ಹೊರಗೆ ಮಂಕು ಹಸಿರಾಗಿ ಕಾಣುತ್ತದೆ. ನಾನು ಬಿಳಿಗೆ ಬೇರೆ ಬಣ್ಣ ಒಂದು ಹನಿ ಸೇರಿಸುತ್ತೇನೆ. ಯಾವುದು ಅಂತ ಇಲ್ಲಿ ಹೇಳಲ್ಲ, ಬಣ್ಣದ ಚಕ್ರ ಗೊತ್ತಿದ್ದವರು ಊಹಿಸಬಹುದು.

ಈ ಎಡಬಲದ ಹುಚ್ಚು ಹತ್ತಿದ ಮೇಲೆ ಎಲ್ಲಿ ನೋಡಿದರೂ ಅದೇ. ನಮ್ಮ ಬೀದಿಯ ಕಟಿಂಗ್ ಶಾಪ್ ಬಾಗಿಲಿಗೆ ಒಳಗಿನಿಂದ ಹೆಸರು ಬರೆದು, ಆಮೇಲೆ ಅಲ್ಲೇ ಕ್ಷೌರಕ್ಕೆ ಕೂತಿದ್ದೆ. ತಿರುಗಿ ಬಾಗಿಲು ನೋಡಿದರೆ ಹೆಸರು ಉಲ್ಟಾ. ಮುಂದಿನ ಕನ್ನಡಿ ನೋಡಿದರೆ ಅದೇ ಹೆಸರು ನೇರ! ಉಲ್ಟಾದ ಉಲ್ಟಾ, ಅಷ್ಟೇ. ಆದರೆ ಕುರ್ಚಿಯಲ್ಲಿ ಕೂತವನಿಗೂ ಅಂಗಡಿ ಹೆಸರು ಸರಿಯಾಗಿ ಕಾಣುತ್ತದೆ ಅಂತ ಹೇಳಿ ಇನ್ನೆರಡು ಸಲೂನ್ ಕೆಲಸ ಹಿಡಿದೆ. ಅಂಥ ಕಡೆ ಬ್ಯಾಕ್‌ಗ್ರೌಂಡ್ ಬಳಿಯಬೇಡಿ, ಬರೀ ಅಕ್ಷರ ಸಾಕು. ಒಳಗಿನವರಿಗೆ ಕಾಣೋದು ಕೊನೆಯ ಕೋಟು, ಅದನ್ನೂ ನೀಟಾಗಿ ಮುಗಿಸಿ.

ಆಂಬುಲೆನ್ಸ್ ಮುಂದೆ ಇಂಗ್ಲಿಷ್‌ನಲ್ಲಿ ಉಲ್ಟಾ ಬರೆದಿರುತ್ತಾರಲ್ಲ, ಮುಂದಿನ ಗಾಡಿಯವನ ಕನ್ನಡಿಗೆ ನೇರ ಕಾಣಲಿ ಅಂತ. ಅದರ ಒಂಬತ್ತು ಅಕ್ಷರಗಳಲ್ಲಿ ನಾಲ್ಕು, ಅಂದರೆ ಎರಡು ಎ, ಎಂ, ಯು, ಉಲ್ಟಾ ಮಾಡಿದರೂ ಅವೇ. ತಿರುಗಿಸಬೇಕಾದ್ದು ಐದೇ. ಅದನ್ನೇ ಕನ್ನಡದಲ್ಲಿ ಉಲ್ಟಾ ಬರೆದು ನನ್ನ ಬೈಕ್ ಕನ್ನಡಿಯಲ್ಲಿ ನೋಡಿದೆ. ಸೊನ್ನೆ ಬಿಟ್ಟರೆ ಎಲ್ಲಾ ತಿರುಗಿಸಬೇಕು, ಆದರೆ ಓದೋಕೆ ಏನೂ ತೊಂದರೆ ಇಲ್ಲ.

ಎಡಗೈಯಲ್ಲೂ ಬರೆದು ನೋಡಿದೆ. ಲಿಯೊನಾರ್ಡೊ ಡ ವಿಂಚಿ ಎಡಗೈಯವನು, ಪುಸ್ತಕ ಪುಸ್ತಕ ಉಲ್ಟಾ ಬರೆದಿಟ್ಟವನು. ನನಗೆ ಎಡಗೈ ಬ್ರಶ್‌ಗೆ ಒಗ್ಗಲಿಲ್ಲ. ಆದರೆ ಎರಡು ಕೈಯಲ್ಲೂ ಸೀಮೆಸುಣ್ಣ ಹಿಡಿದು ಗೋಡೆಯ ನಡುವಿನಿಂದ ಒಟ್ಟಿಗೆ ಹೊರಕ್ಕೆ ಬರೆಯಿರಿ, ಬಲಗೈ ಮೇಲೆ ಮಾತ್ರ ಗಮನ ಇರಲಿ. ಎಡಗೈ ತಾನಾಗೇ ಕನ್ನಡಿ ಅಕ್ಷರ ಬರೆಯುತ್ತದೆ. ಹೊಸ ಹುಡುಗರಿಗೆ ನಾನು ಮೊದಲು ಮಾಡಿಸೋದು ಇದನ್ನೇ.

ಅಚ್ಚುಮೊಳೆ ಜೋಡಿಸುತ್ತಿದ್ದ ಹಳೇ ಪ್ರೆಸ್ಸಿನ ಹಿರಿಯರೊಬ್ಬರು ಇನ್ನೊಂದು ದಾರಿ ತೋರಿಸಿದರು. ಅಚ್ಚುಮೊಳೆಯ ಅಕ್ಷರವೂ ಉಲ್ಟಾ ಅಲ್ವಾ? ಅವರು ಅದನ್ನು ಬಲದಿಂದ ಎಡಕ್ಕೆ ಓದುತ್ತಿರಲಿಲ್ಲ. ತಲೆಕೆಳಗು ಹಿಡಿದು ಎಡದಿಂದ ಬಲಕ್ಕೇ ಓದುತ್ತಿದ್ದರು. "ತಮ್ಮಾ, ಕನ್ನಡಿ ಅಕ್ಷರಾನ ಕಾಲು ಮೇಲೆ ಮಾಡಿ ನಿಲ್ಲಿಸು, ಸಾಲು ಸರಿ ಹೋಗ್ತದೆ" ಅಂದರು. ಬಾಗಿಲಿಗೆ ಕೂರಿಸುವ ಮುಂಚೆ ಗಾಜು ಟೇಬಲ್ ಮೇಲೆ ಸಿಕ್ಕಿದರೆ ಈಗ ಹಾಗೇ ತಿರುಗಿಸಿ ಮಲಗಿಸಿ ಬರೆಯುತ್ತೇನೆ. ಕೂತೇ ಬರೆಯಬಹುದು, ಭುಜ ನೋಯಲ್ಲ.

ಪರೀಕ್ಷೆಗೆ ಹಿಂದೆಲ್ಲ ಕೈಗನ್ನಡಿ ಬೇಕಿತ್ತು, ಈಗ ಸೆಲ್ಫಿ ಕ್ಯಾಮೆರಾ ಇದೆ. ಬರೆದದ್ದಕ್ಕೆ ಬೆನ್ನು ಮಾಡಿ ನಿಂತು ಭುಜದ ಮೇಲಿಂದ ನೋಡಿ, ಪರದೆಯಲ್ಲಿ ನೇರ ಕಾಣುತ್ತದೆ. ಫೋಟೋ ತೆಗೆದು ನೋಡಬೇಡಿ. ಎಷ್ಟೋ ಫೋನ್‌ಗಳು ಸೇವ್ ಮಾಡುವಾಗ ಮತ್ತೆ ತಿರುಗಿಸಿಬಿಡುತ್ತವೆ.

ದುಡ್ಡು ತಂದುಕೊಟ್ಟಿದ್ದು ಗಂಡಭೇರುಂಡ. ಎರಡು ತಲೆಯ ಹಕ್ಕಿ, ನಡುವೆ ಗೆರೆ ಎಳೆದರೆ ಎಡಬಲ ಒಂದೇ. ಒಂದು ಬಂಗಾರದ ಅಂಗಡಿಯವರು ಕೇಳಿದ್ದರು. ಪೇಪರ್ ನಡುವೆ ಮಡಿಸಿ ಅರ್ಧ ಹಕ್ಕಿ ಬರೆದು ಎರಡೂ ಪದರ ಒಟ್ಟಿಗೆ ಚುಚ್ಚಿದೆ. ಬಿಚ್ಚಿದರೆ ಪೂರ್ತಿ ಹಕ್ಕಿ. ಮಗುಚುವ ಚಿಂತೆಯೇ ಇಲ್ಲ, ಯಾವ ಕಡೆಯಿಂದ ಹಾಕಿದರೂ ಅದೇ. ಆದರೆ ಪೂರಾ ಮಡಿಕೆ ಲೆಕ್ಕದಲ್ಲೇ ಬಿಟ್ಟರೆ ಹಕ್ಕಿ ಮರದ ಬೊಂಬೆಯ ಥರ ಬಿಗಿದುಕೊಳ್ಳುತ್ತದೆ. ರೆಕ್ಕೆ, ಎದೆ ಮಡಿಕೆಯಲ್ಲಿ ತೆಗೆಯಿರಿ. ಕಣ್ಣು, ಕೊಕ್ಕು ಕೈಯಲ್ಲೇ ಬರೆಯಿರಿ, ಕೂದಲೆಳೆ ವ್ಯತ್ಯಾಸ ಇರಲಿ. ಅದೊಂದಕ್ಕೇ ಆರು ಸಾವಿರದ ಹತ್ತಿರ ಸಿಕ್ಕಿತು. ಸಾಮಾನಿಗೆ ನಾನೂರು ರೂಪಾಯಿಯೂ ಖರ್ಚಾಗಿರಲಿಲ್ಲ.

ಮಾಮೂಲಿ ಕೆಲಸಕ್ಕೆ ಅಕ್ಷರದ ಲೆಕ್ಕ. ಗೇಣುದ್ದದ ಅಕ್ಷರಕ್ಕೆ ನೂರರಿಂದ ನೂರೈವತ್ತು, ಒತ್ತಕ್ಷರಕ್ಕೆ ಬೇರೆ. ಒತ್ತಿಗೂ ದುಡ್ಡಾ ಅಂತ ಜಗಳಕ್ಕೆ ಬರುತ್ತಾರೆ. ಪಕ್ಕದ ಅಂಗಡಿ ಸ್ಟಿಕ್ಕರ್ ತೋರಿಸಿ, ಸುಮ್ಮನಾಗುತ್ತಾರೆ.

ಬಾಳಿಕೆಗೆ ಶತ್ರು ಒಳಗೇ ಇದೆ, ದಿನಾ ಬೆಳಿಗ್ಗೆ ಒದ್ದೆ ಬಟ್ಟೆ ಹಾಕಿ ಉಜ್ಜುವ ಹುಡುಗ. ಮೊದಲ ವರ್ಷದ ಕೆಲಸಗಳಲ್ಲಿ ಅಂಚು ಎದ್ದಿದ್ದು ಇದರಿಂದಲೇ. ಈಗ ಬಣ್ಣ ಪೂರ್ತಿ ಒಣಗಿದ ಮೇಲೆ ಕ್ಲಿಯರ್ ವಾರ್ನಿಶ್ ಎಳೆಯುತ್ತೇನೆ, ಅಕ್ಷರದ ಅಂಚು ದಾಟಿ ಎರಡು ಎಂಎಂ ಗಾಜಿನ ಮೇಲೆ ಹೋಗುವ ಹಾಗೆ. ಅಂಚಿಗೇ ನಿಲ್ಲಿಸಿದರೆ ನೀರು ಅಲ್ಲಿಂದಲೇ ನುಗ್ಗುತ್ತದೆ. ಇನ್ನು ಸನ್ ಫಿಲ್ಮ್ ಹಾಕಿದ ಗಾಜಿಗೆ ನಾನು ಮುಂಗಡ ತಗೊಳ್ಳಲ್ಲ. ಫಿಲ್ಮ್ ಇರೋದು ಒಳಮೈಗೆ, ನೀವು ಬರೆಯೋದು ಅದರ ಮೇಲೆ, ಅದು ಕಿತ್ತು ಬಂದ ದಿನ ಅಕ್ಷರವೂ ಕಿತ್ತು ಬರುತ್ತದೆ. ಉಗುರಿನಲ್ಲಿ ಮೂಲೆ ಕೆರೆದು ನೋಡಿ, ಫಿಲ್ಮ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಅದನ್ನು ತೆಗೆಸಿದರೆ ಮಾತ್ರ ರೇಟ್ ಮಾತಾಡಿ.