ಸ್ಪೋಕನ್ ಇಂಗ್ಲಿಷಿನ ‘ಸೋ’, ‘ವೆಲ್’, ‘ಆಕ್ಚುವಲಿ’: ಪ್ರಾಜೆಕ್ಟ್ ಮಾಡುವವರಿಗೆ ಒಂದು ದಾರಿ

ಕಲಬುರಗಿಯಲ್ಲಿ ಎಂ.ಎ. ಇಂಗ್ಲಿಷ್ ಓದುವ ಮಕ್ಕಳು ಕೊನೆಯ ಸೆಮಿಸ್ಟರಿಗೆ ಬಂದು ಪ್ರಾಜೆಕ್ಟಿಗೆ ವಿಷಯ ಕೇಳಿದಾಗ ನಾನು ಇಂಥ ಸಣ್ಣ ಪದಗಳನ್ನೇ ಮುಂದಿಡುತ್ತೇನೆ. ಕಾದಂಬರಿ, ನಾಟಕಗಳ ಮೇಲೆ ಬರೆಯುವವರು ಸಾಕಷ್ಟಿದ್ದಾರೆ. ನಮ್ಮ ಭಾಗದ ಜನ ಬಾಯಲ್ಲಿ ಆಡುವ ಇಂಗ್ಲಿಷನ್ನು ಕಿವಿಗೊಟ್ಟು ಕೇಳಿ ನಾಲ್ಕು ಮಾತು ನೆಟ್ಟಗೆ ಬರೆಯುವವರು ಬೇಕಾಗಿದ್ದಾರೆ. ‘ವೆಲ್’, ‘ಸೋ’, ‘ಓ’, ‘ನೌ’, ‘ಯು ನೋ’, ‘ಐ ಮೀನ್’, ‘ಆಕ್ಚುವಲಿ’ – ಮಾತಿನ ಕೀಲುಗಳಲ್ಲಿ ಕೂತಿರುವ ಇಂಥ ಪದಗಳಿಗೆ ಭಾಷಾವಿಜ್ಞಾನದಲ್ಲಿ ಡಿಸ್ಕೋರ್ಸ್ ಮಾರ್ಕರ್ ಎನ್ನುತ್ತಾರೆ.

‘ಮೇಡಂ, ಅವೆಲ್ಲಾ ಫಿಲ್ಲರ್ ಅಂತ್ರಿ, ಬಿಡಬೇಕಂತ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ್ಯಾಗ ಹೇಳ್ಯಾರ್ರಿ’ ಎಂದು ಪ್ರತಿ ವರ್ಷ ಒಬ್ಬರಾದರೂ ಅನ್ನುತ್ತಾರೆ. ‘ನಿಮ್ಮವ್ವನ ಮಾತಿನ್ಯಾಗಿಂದ ಮತ್ತ, ಅಂದ್ರ, ನೋಡು ಇಷ್ಟೂ ತೆಗೆದು, ಆಕಿ ಹೇಳಿದ್ದು ಹೇಳಿ ತೋರ್ಸವ್ವಾ’ ಅನ್ನುತ್ತೇನೆ ನಾನು. ಸುದ್ದಿ ಉಳಿಯುತ್ತದೆ. ಆಕೆ ಎಲ್ಲಿ ಒಪ್ಪಿದಳು, ಎಲ್ಲಿ ಮಾತು ತಿರುಗಿಸಿದಳು, ಯಾವುದು ಯಾವುದಕ್ಕೆ ಉತ್ತರ ಅನ್ನುವುದು ಹೋಗಿಬಿಡುತ್ತದೆ.

ಈ ಅಧ್ಯಯನಕ್ಕೆ ಗಟ್ಟಿ ಬುನಾದಿ ಹಾಕಿದವರು ಅಮೆರಿಕದ ಭಾಷಾವಿಜ್ಞಾನಿ ಡೆಬೊರಾ ಶಿಫ್ರಿನ್. 1987ರಲ್ಲಿ ಬಂದ ಅವರ ಪುಸ್ತಕ ಫಿಲಡೆಲ್ಫಿಯಾದ ಸಾಮಾನ್ಯ ಜನರ ಮಾತುಕತೆಯ ರೆಕಾರ್ಡಿಂಗ್‌ಗಳ ಮೇಲೆ ನಿಂತಿದೆ. ಅದರಲ್ಲಿ ಅವರು ಹಿಡಿದದ್ದು ಹನ್ನೊಂದೇ ಮಾರ್ಕರ್. ಅದಕ್ಕೇ ಎಂ.ಎ. ಪ್ರಾಜೆಕ್ಟಿಗೆ ಒಂದು ಸಾಕು, ಬಹಳ ಅಂದರೆ ಎರಡು ಎಂದು ನಾನು ಹಟ ಹಿಡಿಯುವುದು. ಅವರಿಂದ ಕಲಿಯಬೇಕಾದ ಮುಖ್ಯ ಪಾಠ ಒಂದಿದೆ: ಮಾರ್ಕರ್ ಇರುವ ವಾಕ್ಯವನ್ನಷ್ಟೇ ಕಿತ್ತು ತಂದು ನೋಡಬೇಡಿ, ಅದರ ಹಿಂದಿನ ಮಾತು ಯಾರದು, ಏನು ಎಂದು ಮೊದಲು ನೋಡಿ.

ಮಾತು ಎಲ್ಲಿಂದ ತರುವುದು? ಬ್ರಿಟನ್ನಿನವರ ಮಾತು ಬೇಕಿದ್ದರೆ 2012ರಿಂದ 2016ರ ನಡುವೆ ರೆಕಾರ್ಡ್ ಮಾಡಿದ, ಸುಮಾರು 1.15 ಕೋಟಿ ಪದಗಳ ಮಾತಿನ ಸಂಗ್ರಹ ಸ್ಪೋಕನ್ ಬಿಎನ್‌ಸಿ 2014 ಇದೆ. ಭಾರತೀಯರ ಇಂಗ್ಲಿಷಿಗೆ ಐಸ್-ಇಂಡಿಯಾ ಎಂಬ ಸಂಗ್ರಹ ಇದೆ. ಅದರ ಹಿಂದೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಎಸ್.ವಿ. ಶಾಸ್ತ್ರಿಯವರ ದುಡಿಮೆಯಿದೆ, ಸುಮಾರು ಹತ್ತು ಲಕ್ಷ ಪದಗಳಲ್ಲಿ ಆರು ಲಕ್ಷದಷ್ಟು ಆಡಿದ ಮಾತು. ಹೋಲಿಕೆಗೆ ಇವನ್ನು ಇಟ್ಟುಕೊಳ್ಳಿ. ಮೂಲ ಸಾಮಗ್ರಿ ಮಾತ್ರ ನಿಮ್ಮ ಕೈಯಾರೆ ಮಾಡಿದ್ದಿರಲಿ. ಸೆಮಿನಾರ್ ಮುಗಿದ ಮೇಲಿನ ಪ್ರಶ್ನೋತ್ತರ, ಕೋಚಿಂಗ್ ಕ್ಲಾಸಿನ ಅಣಕು ಸಂದರ್ಶನ, ಬೀದರ್ ಕೋಟೆಯಲ್ಲಿ ಗೈಡ್ ಹೇಳುವ ಕಥೆ – ಇಂಗ್ಲಿಷ್ ಆಡುವ ಅಗತ್ಯ ನಿಜವಾಗಿ ಬೀಳುವ ಜಾಗಗಳಿವು. ಗೆಳತಿಯನ್ನು ಕೂರಿಸಿ ‘ಸ್ವಲ್ಪ ಇಂಗ್ಲಿಷಿನ್ಯಾಗ ಮಾತಾಡು’ ಅಂದರೆ ಆಕೆ ಪ್ರಬಂಧ ಒಪ್ಪಿಸುತ್ತಾಳೆ, ಮಾರ್ಕರ್ ಸಿಗುವುದಿಲ್ಲ.

ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ಪತ್ರ ಅವರಿಗೆ ಓದಲು ಬರುವ ಭಾಷೆಯಲ್ಲಿರಲಿ, ಕನ್ನಡವೋ ಉರ್ದುವೋ ಮರಾಠಿಯೋ. ಆಮೇಲೆ ಫ್ಯಾನು, ಕೂಲರ್ ಆರಿಸಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಲ್ಲಿ ಇದು ದೊಡ್ಡ ಕಷ್ಟ, ಆದರೆ ಕೂಲರಿನ ಸದ್ದಿನಡಿ ಮೆತ್ತಗೆ ಬಂದ ‘ಓ’ ಕೇಳಿಸುವುದೇ ಇಲ್ಲ. ಬೆಳಿಗ್ಗೆ ಎಂಟರೊಳಗೆ ಮುಗಿಸಿದರೆ ಇಬ್ಬರಿಗೂ ಹಿತ. ಟೇಬಲ್ ಮೇಲೆ ಟವೆಲ್ ಮಡಚಿಟ್ಟು ಅದರ ಮೇಲೆ ಫೋನ್ ಇಡಿ. ಫೈಲನ್ನು ವಾಟ್ಸಾಪಿನಲ್ಲಿ ಕಳಿಸಿಕೊಳ್ಳದೆ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿ, ವೇವ್ ರೂಪಕ್ಕೆ ಬದಲಿಸಿಕೊಳ್ಳಿ. ಫೋನಿನ ಎಂ4ಎ ಫೈಲ್, ದನಿ ಅಳೆಯಲು ನಾವು ಬಳಸುವ ತಂತ್ರಾಂಶ ಪ್ರಾಟ್‌ನಲ್ಲಿ ತೆರೆಯುವುದಿಲ್ಲ.

ಅರ್ಧ ಗಂಟೆಯ ಒಳ್ಳೆಯ ಮಾತು ಸಿಕ್ಕರೆ ಈ ಪ್ರಾಜೆಕ್ಟಿಗೆ ಬೇಕಾದಷ್ಟಾಯಿತು. ಇನ್ನು ಬರೆದಿಳಿಸುವ ಕೆಲಸ. ವ್ಯಾಕರಣ ತಿದ್ದಬೇಡಿ, ತೊದಲಿದ್ದನ್ನು ಬಿಡಬೇಡಿ. ಮಾತುಕತೆಯ ಸಂಶೋಧಕಿ ಗೇಲ್ ಜೆಫರ್ಸನ್ ರೂಪಿಸಿದ ಚಿಹ್ನೆಗಳಲ್ಲಿ ನಮಗೆ ನಾಲ್ಕೈದು ಸಾಕು: ಮೌನವನ್ನು ಸೆಕೆಂಡಿನಲ್ಲಿ (0.6) ಎಂದೂ, ಹಿಡಿಯಲಾರದಷ್ಟು ಸಣ್ಣ ತಡೆಯನ್ನು (.) ಎಂದೂ, ಎಳೆದ ದನಿಯನ್ನು :: ಎಂದೂ, ಒಬ್ಬರ ಮೇಲೊಬ್ಬರು ಮಾತಾಡಿದ್ದನ್ನು [ ಎಂದೂ ಬರೆಯುತ್ತೇವೆ. ಹತ್ತು ನಿಮಿಷದ ಮಾತಿಗೆ ಒಂದು ದಿನ ಹೋಗುತ್ತದೆ, ಹೋಗಲಿ. ಈ ಕೆಲಸವನ್ನು ಫೋನಿನ ಆ್ಯಪಿಗೆ ವಹಿಸಿದರೆ ಅದು ಎಷ್ಟೋ ಸಲ ‘ಅಂ’, ‘ಓ’ಗಳನ್ನೇ ಗುಡಿಸಿ ಹಾಕಿ ಚೊಕ್ಕ ವಾಕ್ಯ ಕೊಡುತ್ತದೆ. ನಮಗೆ ಬೇಕಾದದ್ದು ಆ ಗುಡಿಸಿ ಹಾಕಿದ್ದೇ.

ಬೀದರಿನಲ್ಲಿ 1472ರ ಮಹಮೂದ್ ಗವಾನ್ ಮದರಸಾದ ಮುಂದೆ ಒಪ್ಪಿಗೆ ಪಡೆದು ಮಾಡಿದ ರೆಕಾರ್ಡಿಂಗಿನ ಒಂದು ತುಣುಕು ಇಲ್ಲಿದೆ. ಅಲ್ಲಿ ಈಗ ಉಳಿದಿರುವುದು ಒಂದೇ ಮಿನಾರು.

1 ಪ್ರವಾಸಿ: ಸೋ ದೇರ್ ವಾಸ್ ಓನ್ಲಿ ಒನ್ ಮಿನಾರ್?
2 ಗೈಡ್: (0.6) ಆಕ್ಚುವಲಿ (.) ಟೂ ವಾಸ್ ದೇರ್. ಒನ್ ಈಸ್ ಗಾನ್.
3 ಪ್ರವಾಸಿ: ಓ::
4 ಗೈಡ್: ನೌ ಕಮ್ ದಿಸ್ ಸೈಡ್.

ಒಂದನೇ ಸಾಲಿನ ‘ಸೋ’ಗೆ ಹಿಂದೆ ಯಾವ ಮಾತೂ ಇಲ್ಲ. ಪ್ರವಾಸಿ ಕಣ್ಣಾರೆ ಕಂಡದ್ದರಿಂದ ಒಂದು ತೀರ್ಮಾನಕ್ಕೆ ಬಂದು ಅದನ್ನು ಗೈಡ್ ಮುಂದಿಟ್ಟಿದ್ದಾರೆ. ಗೈಡ್‌ಗೆ ಅದು ತಪ್ಪೆಂದು ಗೊತ್ತು, ಆದರೂ ‘ನೋ’ ಅನ್ನಲಿಲ್ಲ. ಅರ್ಧ ಸೆಕೆಂಡಿಗೂ ಹೆಚ್ಚು ಸುಮ್ಮನಿದ್ದು ‘ಆಕ್ಚುವಲಿ’ ಅಂದರು. ಒಪ್ಪದ ಉತ್ತರ ಸಾಮಾನ್ಯವಾಗಿ ತಡವಾಗಿ, ಯಾವುದೋ ಮುನ್ನುಡಿಯ ಜೊತೆಗೆ ಬರುತ್ತದೆ ಎಂದು ಮಾತುಕತೆಯ ಇನ್ನೊಬ್ಬ ಸಂಶೋಧಕಿ ಅನಿತಾ ಪೊಮರಾಂಟ್ಸ್ 1984ರಲ್ಲಿ ತೋರಿಸಿದ್ದರು. ಅವರು ನೋಡಿದ ಇಂಗ್ಲಿಷಿನಲ್ಲಿ ಆ ಜಾಗದಲ್ಲಿ ‘ವೆಲ್’ ಮೇಲಿಂದ ಮೇಲೆ ಬರುತ್ತದೆ. ನನ್ನ ಹತ್ತಿರದ ರೆಕಾರ್ಡಿಂಗ್‌ಗಳಲ್ಲಿ ‘ಆಕ್ಚುವಲಿ’ಯದೇ ಕಾರುಬಾರು. ಮೂರನೇ ಸಾಲಿನ ಎಳೆದ ‘ಓ’ ತನಗೆ ಗೊತ್ತಿಲ್ಲದ್ದು ಈಗ ಗೊತ್ತಾಯಿತು ಎಂದು ತೋರಿಸುತ್ತದೆ. ‘ಓ’ದ ಈ ಕೆಲಸವನ್ನು ಜಾನ್ ಹೆರಿಟೇಜ್ ವಿವರಿಸಿದ್ದೂ 1984ರಲ್ಲೇ. ‘ನೌ’ ಮುಂದಿನ ಜಾಗಕ್ಕೆ ಜನರನ್ನೂ ಮಾತನ್ನೂ ಒಟ್ಟಿಗೆ ಒಯ್ಯುತ್ತದೆ. ನಾಲ್ಕು ಸಾಲಿನಲ್ಲಿ ಇಷ್ಟು ಸಿಕ್ಕಿತು.

ನಂತರ ಬೇರ್ಪಡಿಸುವ ಕೆಲಸ. ಲಾರೆನ್ಸ್ ಆಂಥನಿ ಅವರ ಆಂಟ್‌ಕಾಂಕ್ ಎಂಬ ಉಚಿತ ತಂತ್ರಾಂಶಕ್ಕೆ ನಿಮ್ಮ ಪಠ್ಯ ಹಾಕಿ ‘ಸೋ’ ಹುಡುಕಿದರೆ ಎಲ್ಲ ‘ಸೋ’ಗಳೂ ಸಾಲಾಗಿ ಬರುತ್ತವೆ. ‘ಇಟ್ ಈಸ್ ಸೋ ಹಾಟ್’ ಎಂಬಲ್ಲಿ ಅದು ಬಿಸಿಲಿನ ಪ್ರಮಾಣ ಹೇಳುತ್ತದೆ, ‘ಐ ಥಿಂಕ್ ಸೋ’ದಲ್ಲಿ ಇಡೀ ವಾಕ್ಯದ ಬದಲಿಗೆ ನಿಂತಿದೆ. ಇವೆರಡೂ ಮಾರ್ಕರ್ ಅಲ್ಲ, ತೆಗೆದಿಡಿ. ಅನುಮಾನ ಬಂದಲ್ಲಿ ಪದ ತೆಗೆದು ಓದಿ. ವಾಕ್ಯ ಕುಂಟದೆ ನಿಂತು, ಹೇಳಿದ ಸಂಗತಿಯೂ ಹಾಗೆಯೇ ಉಳಿದರೆ ಅದು ಮಾರ್ಕರ್ ಇರಬಹುದು. ‘ಇರಬಹುದು’ ಅಂದದ್ದು ಯಾಕೆಂದರೆ ಕೊನೆಗೆ ಆಡಿಯೋ ಕೇಳಿಯೇ ನಿರ್ಧರಿಸಬೇಕು. ದನಿ ಏರಿತೋ ಇಳಿಯಿತೋ ಕಿವಿಗೆ ಹತ್ತದಿದ್ದರೆ ಪ್ರಾಟ್‌ನಲ್ಲಿ ಆ ತುಣುಕು ತೆರೆದು ಪಿಚ್ ಗೆರೆ ನೋಡಿ.

ನಮ್ಮ ಕಡೆ ಮಾಡುವವರಿಗೆ ನಾನು ಆಸೆಯಿಂದ ಕೊಡುವ ಪದ ‘ಮೀನ್ಸ್’. ‘ಹಿ ಈಸ್ ನಾಟ್ ವೆಲ್, ಮೀನ್ಸ್, ಫೀವರ್ ಈಸ್ ದೇರ್’ ಎಂಬ ಬಗೆಯ ಮಾತು ಕ್ಲಾಸಿನಲ್ಲಿ, ಬ್ಯಾಂಕಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕೇಳಿರುತ್ತೀರಿ. ಇದು ‘ಅಂದ್ರ’ದಿಂದ ಬಂತು ಎಂದು ತಕ್ಷಣ ಬರೆದುಬಿಡಬೇಡಿ. ಕಲಬುರಗಿಯಲ್ಲಿ ಮನೆಯಲ್ಲಿ ದಖನಿ ಉರ್ದು ಆಡುವವರಿಗೆ ‘ಮತ್ಲಬ್’ ಇದೆ, ಬೀದರಿನಲ್ಲಿ ಮರಾಠಿಯವರಿಗೆ ‘ಮ್ಹಣಜೆ’ ಇದೆ, ಇಂಗ್ಲಿಷಿನಲ್ಲೇ ‘ಐ ಮೀನ್’ ಇದೆ. ಅದೇ ವ್ಯಕ್ತಿಯ ಮನೆಮಾತನ್ನೂ ಹತ್ತು ನಿಮಿಷ ರೆಕಾರ್ಡ್ ಮಾಡಿ, ವಿವರಣೆ ಶುರುವಾಗುವ ಜಾಗದಲ್ಲಿ ಏನು ಬರುತ್ತದೆ ನೋಡಿ. ಕನ್ನಡದ ಮನೆಯವರು, ದಖನಿ ಮನೆಯವರು ಇಬ್ಬರಲ್ಲೂ ನೋಡಿ. ಆಮೇಲೆ ಐಸ್-ಇಂಡಿಯಾದಲ್ಲಿ ಹುಡುಕಿ. ಈ ಮೂರರ ಆಧಾರವಿಲ್ಲದೆ ಮೂಲದ ಬಗ್ಗೆ ಒಂದು ಸಾಲೂ ಬರೆಯುವುದು ಬೇಡ. ಪದ ಏನು ಮಾಡುತ್ತಿದೆ ಎಂಬುದನ್ನು ಹೇಳಿದರೂ ಒಳ್ಳೆಯ ಪ್ರಾಜೆಕ್ಟೇ.

ಎಣಿಕೆ ಇಷ್ಟೆಲ್ಲ ಆದ ಮೇಲೆ. ಒಬ್ಬರು ಎಂಟು ನಿಮಿಷ, ಇನ್ನೊಬ್ಬರು ಇಪ್ಪತ್ತು ನಿಮಿಷ ಮಾತಾಡಿರುತ್ತಾರೆ, ಆದ್ದರಿಂದ ಸಾವಿರ ಪದಕ್ಕೆ ಎಷ್ಟು ಎಂದು ಲೆಕ್ಕ ಹಾಕಿ. ಪ್ರಶ್ನಾವಳಿ ಹಂಚುವ ಆಸೆ ಬಿಡಿ. ‘ನೀವು ವೆಲ್ ಬಳಸುತ್ತೀರಾ?’ ಎಂದು ಕೇಳಿದರೆ ಜನ ಪ್ರಾಮಾಣಿಕವಾಗಿಯೇ ಇಲ್ಲ ಅನ್ನುತ್ತಾರೆ, ಮುಂದಿನ ವಾಕ್ಯದಲ್ಲೇ ಬಳಸುತ್ತಾರೆ.

ಬರೆಯುವಾಗ ಪ್ರತಿ ಹೇಳಿಕೆಯ ಕೆಳಗೂ ಅದರ ತುಣುಕು ಬರಲಿ, ಸಾಲಿನ ಸಂಖ್ಯೆಯ ಸಮೇತ, ಹಿಂದಿನ ಎರಡು ಸಾಲು ಬಿಡದೆ. ಹೆಸರು, ಊರು ಬದಲಿಸಿ. ನಿಮ್ಮ ವಿವರಣೆಗೆ ಒಗ್ಗದ ಉದಾಹರಣೆಗಳನ್ನು ಮುಚ್ಚಿಡದೆ ಒಂದು ಪ್ರತ್ಯೇಕ ಭಾಗದಲ್ಲಿ ಕೊಡಿ. ನಾನಂತೂ ಮೌಲ್ಯಮಾಪನದಲ್ಲಿ ಮೊದಲು ತೆರೆಯುವುದು ಆ ಪುಟವನ್ನೇ. ವೈವಾಕ್ಕೆ ಬರುವಾಗ ತುಣುಕುಗಳ ಆಡಿಯೋವನ್ನು ಅದೇ ಸಂಖ್ಯೆಯ ಹೆಸರಿಟ್ಟು ಒಂದು ಫೋಲ್ಡರಿನಲ್ಲಿ ತನ್ನಿ. ‘ಇದು ಮಾರ್ಕರ್ ಅಂತ ಹೆಂಗ ಹೇಳ್ತಿ?’ ಎಂದು ಪರೀಕ್ಷಕರು ಯಾವ ಸಾಲಿನ ಮೇಲೆ ಬೆರಳಿಟ್ಟರೂ ಮೊದಲು ಆ ಮಾತನ್ನು ಕೇಳಿಸಿ, ಆಮೇಲೆ ಉತ್ತರ ಕೊಡಿ.