ರಾಜಧಾನಿಗಳ ಹಾದಿಯಲ್ಲಿ ಸೈಕಲ್: ಕೆಳದಿಯಿಂದ ಕವಲೇದುರ್ಗದ ಕಡೆಗೆ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲೂಕುಗಳಲ್ಲಿ ಸೈಕಲ್ ಪ್ರವಾಸಕ್ಕೆ ಹೇಳಿ ಮಾಡಿಸಿದಂಥ, ವಾಹನಗಳ ಕಾಟವಿಲ್ಲದ ಡಾಂಬರು ರಸ್ತೆಗಳು ಇಷ್ಟೊಂದು ಉಳಿದುಕೊಂಡಿರುವುದಕ್ಕೆ ನನಗೆ ಕಂಡಂತೆ ಎರಡು ಕಾರಣಗಳಿವೆ. ಒಂದು ಕಾಲಕ್ಕೆ ರಾಜಧಾನಿಗಳಾಗಿದ್ದ ಊರುಗಳು ಇಂದು ಸಣ್ಣ ಹಳ್ಳಿಗಳಾಗಿರುವುದರಿಂದ ಅವುಗಳನ್ನು ಜೋಡಿಸುವ ದಾರಿಗಳಲ್ಲಿ ಓಡಾಟ ಕಡಿಮೆ. ಅದಕ್ಕಿಂತ ದೊಡ್ಡ ಕಾರಣ ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದಾಗ ಶರಾವತಿ ಕಣಿವೆಯ ಊರುಗಳ ಜೊತೆಗೆ ಅವುಗಳ ನಡುವಿನ ರಸ್ತೆಗಳೂ ಮುಳುಗಿದವು. ಆಮೇಲೆ ಚಕ್ರಾ, ಸಾವೆಹಕ್ಲು, ಮಾಣಿ ಜಲಾಶಯಗಳು ಬಂದವು. ಹಾಗಾಗಿ ಇಲ್ಲಿನ ಎಷ್ಟೋ ರಸ್ತೆಗಳು ಹಿನ್ನೀರಿನ ಅಂಚಿಗೆ ಹೋಗಿ ನಿಲ್ಲುತ್ತವೆ, ಇಲ್ಲವೇ ದೊಡ್ಡ ಸುತ್ತು ಹಾಕುತ್ತವೆ. ಅವಸರವಿರುವ ಲಾರಿ ಅಂಥ ದಾರಿ ಹಿಡಿಯುವುದಿಲ್ಲ. ಅವಸರವಿಲ್ಲದ ಸೈಕಲ್ಲಿಗೆ ಅದೇ ಲಾಭ.

ಮಾರ್ಗ ಗೊತ್ತುಮಾಡುವಾಗ ನಾನು ಕೆಳದಿ ಅರಸರ ರಾಜಧಾನಿಗಳನ್ನು ಅವು ಬದಲಾದ ಅನುಕ್ರಮದಲ್ಲೇ ಹಿಡಿದೆ: ಕೆಳದಿ, ಇಕ್ಕೇರಿ, ಆಮೇಲೆ ಬಿದನೂರು ಅಂದರೆ ಇಂದಿನ ನಗರ, ಅಲ್ಲಿಂದ ಅವರ ಗಿರಿದುರ್ಗವಾದ ಕವಲೇದುರ್ಗ. ಈ ಅನುಕ್ರಮಕ್ಕೆ ಒಂದು ಭೌಗೋಳಿಕ ತರ್ಕವಿದ್ದು, ಅದು ಪುಸ್ತಕದಲ್ಲಿ ಓದಿದ್ದಕ್ಕಿಂತ ಪೆಡಲ್ ತುಳಿಯುವಾಗ ಚೆನ್ನಾಗಿ ತಿಳಿಯುತ್ತದೆ. ಕೆಳದಿಯ ಸುತ್ತ ಗದ್ದೆಬಯಲು ಅಗಲವಾಗಿದೆ, ಏರುಗಳು ಸಣ್ಣವು. 1630ರ ದಶಕದ ಕೊನೆಯಲ್ಲಿ ಬಿಜಾಪುರದ ರಣದುಲ್ಲಾ ಖಾನನ ಸೈನ್ಯ ಇಕ್ಕೇರಿಯ ಮೇಲೆ ಬಿದ್ದ ನಂತರ ವೀರಭದ್ರ ನಾಯಕ ರಾಜಧಾನಿಯನ್ನು ಬಿದನೂರಿಗೆ ಸಾಗಿಸಿದ. ಕುದುರೆ, ಫಿರಂಗಿಗಳೊಡನೆ ಬರುವ ಸೈನ್ಯಕ್ಕೆ ಆ ದಾರಿ ಎಷ್ಟು ಕಷ್ಟವಾಗಿರಬೇಕೆಂಬುದು ಸಾಮಾನು ಹೇರಿಕೊಂಡ ಸೈಕಲ್ಲಿನವನಿಗೆ ಮೊದಲ ದಿನದ ಸಂಜೆಯೊಳಗೆ ಅರ್ಥವಾಗುತ್ತದೆ.

ಸಾಗರಕ್ಕೆ ಬೆಂಗಳೂರು, ಮೈಸೂರುಗಳಿಂದ ತಾಳಗುಪ್ಪದ ರೈಲಿದೆ. ನಿಲ್ದಾಣದ ಹೆಸರು ಸಾಗರ ಜಂಬಗಾರು. ಅಲ್ಲಿ ರೈಲು ನಿಲ್ಲುವುದು ಸ್ವಲ್ಪ ಹೊತ್ತಾದ್ದರಿಂದ ನಾನು ಕೊನೆಯ ನಿಲ್ದಾಣವಾದ ತಾಳಗುಪ್ಪದಲ್ಲೇ ಇಳಿದು, ಕಳಚಿದ ಚಕ್ರಗಳನ್ನು ನಿಧಾನವಾಗಿ ಜೋಡಿಸಿಕೊಂಡು, ಸಾಗರದ ಕಡೆಗೆ ಹಿಂದಕ್ಕೆ ತುಳಿದೆ.

ಸೈಕಲ್ಲಿನ ಬಗ್ಗೆ ಕೇಳುವವರಿಗೆ ನಾನು ಹೇಳುವುದು ಗೇರಿನ ವಿಷಯ ಮಾತ್ರ. ಮುಂದೆ 26 ಹಲ್ಲಿನ ಚಿಕ್ಕ ಚಕ್ರ, ಹಿಂದೆ 34 ಹಲ್ಲಿನ ದೊಡ್ಡದು ಇದ್ದರೆ ಸಾಮಾನಿನ ಸಮೇತ ಎಲ್ಲಾ ಏರನ್ನೂ ಕುಳಿತೇ ಹತ್ತಬಹುದು. ಅದಿಲ್ಲದ ರೇಸಿಂಗ್ ಸೈಕಲ್ ಎಷ್ಟು ಹಗುರವಾಗಿದ್ದರೂ ಇಲ್ಲಿ ಪ್ರಯೋಜನವಿಲ್ಲ. 38 ಮಿಲಿಮೀಟರ್ ಅಗಲದ ಟಯರು ಹಾಕಿದ್ದೆ. ಟ್ಯೂಬಿಗೆ ಮೋಟಾರ್‌ಬೈಕಿನಂಥದೇ ದಪ್ಪ ವಾಲ್ವ್ ಇರುವಂತೆ ನೋಡಿಕೊಂಡೆ. ಹೊಸನಗರವೇ ಇರಲಿ, ಕೋಣಂದೂರೇ ಇರಲಿ, ಪಂಕ್ಚರ್ ಅಂಗಡಿಯವರು ಅದಕ್ಕೆ ಕ್ಷಣದಲ್ಲಿ ಗಾಳಿ ತುಂಬಿಸಿಕೊಡುತ್ತಾರೆ. ಸಪೂರ ವಾಲ್ವಿನ ಟ್ಯೂಬು ಇದ್ದರೆ ಕೈಪಂಪೇ ಗತಿ.

ಸಾಗರದಿಂದ ಕೆಳದಿ ಉತ್ತರಕ್ಕೆ ಸುಮಾರು 8 ಕಿಲೋಮೀಟರ್. ರಾಮೇಶ್ವರ, ವೀರಭದ್ರ ದೇವಾಲಯಗಳು ಒಂದೇ ಆವರಣದಲ್ಲಿವೆ. ವೀರಭದ್ರ ದೇವಾಲಯದ ಒಳಛಾವಣಿಯ ಗಂಡಭೇರುಂಡವನ್ನು ಕತ್ತೆತ್ತಿ ನೋಡದೆ ಬರಬಾರದು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮನ ವಂಶದ ಮೂಲಸ್ಥಾನ ಇದೇ. ಇಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ, ಏಕೆಂದರೆ ಮಧ್ಯಾಹ್ನಕ್ಕೆ ಮೊದಲು ಸಾಗರವನ್ನು ದಾಟಿ ದಕ್ಷಿಣಕ್ಕಿರುವ ಇಕ್ಕೇರಿಯನ್ನು ಸೇರುವ ಮನಸ್ಸಿತ್ತು.

ಇಕ್ಕೇರಿಯಲ್ಲಿ ಊರಿಗಿಂತ ದೇವಾಲಯವೇ ದೊಡ್ಡದು. ಅಘೋರೇಶ್ವರನ ಎದುರಿನ ನಂದಿಯನ್ನು ಎಲ್ಲರೂ ನೋಡುತ್ತಾರೆ. ಒಳಗೆ ನೆಲಹಾಸಿನಲ್ಲಿ ಅಡ್ಡಬಿದ್ದಂತೆ ಕೊರೆದಿರುವ ಕೆಳದಿ ಅರಸರ ಆಕೃತಿಗಳನ್ನು ಬಹಳಷ್ಟು ಜನ ಗಮನಿಸದೆ ದಾಟಿಬಿಡುತ್ತಾರೆ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇಲ್ಲಿನ ಕಂಬಗಳ ಅಂತರ. ನಡುವಿನ ಕಂಬಗಳ ನಡುವಣ ದೂರವೇ ಅಡಿಕೆ ತೋಟದ ಅಳತೆಗೋಲಾಗಿತ್ತು, ಅದು 18 ಅಡಿ 6 ಅಂಗುಲ, ಅದಕ್ಕೆ ದಾಯವೆಂದು ಹೆಸರು, ತೋಟದ ಕಂದಾಯವನ್ನು ಆ ಲೆಕ್ಕದಲ್ಲೇ ಕಟ್ಟುತ್ತಿದ್ದರು ಎಂದು ಹಳೆಯ ಮೈಸೂರು ಗ್ಯಾಸೆಟಿಯರಿನಲ್ಲಿ ದಾಖಲಾಗಿದೆ. ಹೊರಗೆ ಬಂದು ಟಯರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಅಷ್ಟು ದೂರವನ್ನು ನೆಲದ ಮೇಲೆ ಉರುಳಿಸಿ ನೋಡಿದೆ: ನನ್ನ ಚಕ್ರದ ಎರಡೂವರೆ ಸುತ್ತಿಗಿಂತ ತುಸು ಹೆಚ್ಚು. ಮುಂದಿನ ದಾರಿಯುದ್ದಕ್ಕೂ ತೋಟದ ಪಕ್ಕ ಹೋಗುವಾಗಲೆಲ್ಲ ಕಣ್ಣು ತಾನಾಗಿ ಮರಗಳ ಸಾಲನ್ನು ಅಳೆಯತೊಡಗಿತು. ಶಿವಪ್ಪ ನಾಯಕನ ಶಿಸ್ತು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಕಂದಾಯದ ಏರ್ಪಾಡಿನ ಹಿಂದೆ ಇಂಥ ಅಳತೆಗಳ ಬಳಕೆ ಇತ್ತೆಂದು ಅಂದು ಯಾರೂ ಹೇಳಿರಲಿಲ್ಲ.

ಇಕ್ಕೇರಿಯಿಂದ ಹೊಸನಗರದ ಕಡೆಗೆ ಹೋಗುವಾಗ ನಾನು ಫೋನಿನ ನಕ್ಷೆಯನ್ನು ನೆಚ್ಚಿಕೊಳ್ಳಲಿಲ್ಲ. ಒಂದು ತಿರುವು ದಾಟಿದರೆ ನೆಟ್‌ವರ್ಕ್ ಇರುವುದಿಲ್ಲ. ಇದ್ದರೂ ಅದು ತೋರಿಸುವುದು ಬೇಗ ತಲುಪುವ ದಾರಿಯನ್ನು. ಮನೆಯ ಮುಂದೆ ಸಿಕ್ಕ ಹಿರಿಯರನ್ನು "ಬಸ್ಸು ಹೋಗದ ದಾರಿ ಯಾವುದು, ಮಾರಾಯ್ರೆ?" ಎಂದು ಕೇಳುವುದೇ ಉತ್ತಮ. ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಒಬ್ಬರು ಈ ಪ್ರಶ್ನೆಗೆ ಮೊದಲು ನಕ್ಕು, "ಬಸ್ಸಿರೋ ದಾರಿ ಬಿಟ್ಟು ಇದೆಂಥ ಹುಚ್ಚು ನಿಮಗೆ?" ಎಂದವರು, ಆಮೇಲೆ "ಆಸರಿಗೆ ಎಂತ ಬೇಕು?" ಎಂದು ಕೇಳಿ ಬೆಲ್ಲ, ನೀರು, ಮಜ್ಜಿಗೆ ತರಿಸಿ, ಕಡ್ಡಿಯಲ್ಲಿ ನೆಲದ ಮೇಲೆ ದಾರಿಯನ್ನೇ ಗೀಚಿ ತೋರಿಸಿದರು. ಹಳ್ಳ ದಾಟುವ ಸಂಕ (ಕಾಲುಸೇತುವೆ) ಎಲ್ಲಿದೆ, ಬೇಲಿಯ ದಾರಿಗೆ ಅಡ್ಡ ಹಾಕಿದ ಉಣಗೋಲು ತೆಗೆದು ಹೋದಮೇಲೆ ಮತ್ತೆ ಹಾಕಬೇಕಾದ್ದು ಎಲ್ಲಿ, ಮಳೆಗೆ ಧರೆ ಕುಸಿದು ರಸ್ತೆ ಸಪೂರವಾದದ್ದು ಎಲ್ಲಿ ಎಂಬುದೆಲ್ಲ ಆ ಗೀಚಿನಲ್ಲಿತ್ತು. ಆ ಮಾಹಿತಿ ಯಾವ ನಕ್ಷೆಯಲ್ಲೂ ಸಿಗದು.

ಈ ಭಾಗದ ಏರುಗಳ ಸ್ವಭಾವವನ್ನು ಬಿಡಿಸಿ ಹೇಳಬೇಕು. ಘಟ್ಟದ ರಸ್ತೆಯಲ್ಲಿ ಒಂದೇ ಸಮನೆ ಗಂಟೆಗಟ್ಟಲೆ ಹತ್ತುವಾಗ ಉಸಿರು ಒಂದು ಲಯಕ್ಕೆ ಬರುತ್ತದೆ. ಇಲ್ಲಿ ಹಾಗಲ್ಲ: ಕೆಳಗೆ ಹಳ್ಳ, ಹಳ್ಳದ ಪಕ್ಕ ತೋಟ, ತೋಟದ ಮೇಲೆ ಮನೆ, ಮನೆಯ ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಬೆಟ್ಟದಾಚೆ ಮತ್ತೆ ಹಳ್ಳ. ರಸ್ತೆ ಇದನ್ನೆಲ್ಲ ಅಡ್ಡ ಹಾಯುವುದರಿಂದ ಅರ್ಧ ಕಿಲೋಮೀಟರಿನ ಕಡಿದಾದ ಏರು, ಅಷ್ಟೇ ಇಳಿಜಾರು, ಮತ್ತೆ ಏರು ಎಂದು ದಿನವಿಡೀ ನಡೆಯುತ್ತದೆ. ಇಳಿಜಾರಿನ ವೇಗವನ್ನು ಮುಂದಿನ ಏರಿಗೆ ಬಳಸೋಣವೆಂದರೆ ತಳದಲ್ಲಿ ತಿರುವೋ ಕಿರುಸೇತುವೆಯೋ ಇದ್ದು ಬ್ರೇಕ್ ಹಿಡಿಯಲೇಬೇಕಾಗುತ್ತದೆ. ಬಯಲುಸೀಮೆಯಲ್ಲಿ ದಿನಕ್ಕೆ ನೂರು ಕಿಲೋಮೀಟರ್ ತುಳಿಯುವವರು ಇಲ್ಲಿ ಐವತ್ತಕ್ಕೆ ತೃಪ್ತಿಪಡುವುದು ಲೇಸು.

ಹೊಸನಗರದಿಂದ ನಗರಕ್ಕೆ ಸುಮಾರು 17 ಕಿಲೋಮೀಟರ್. ಇದು ಕೊಲ್ಲೂರಿನ ಕಡೆಗೆ ಹೋಗುವ ಮುಖ್ಯ ರಸ್ತೆಯಾದ್ದರಿಂದ ಬೆಳಿಗ್ಗೆ ಬೇಗ ಹೊರಟು ಮುಗಿಸಿಕೊಂಡೆ. ನಗರದ ಹತ್ತಿರದ ಬಸವನಬ್ಯಾಣದಲ್ಲಿ ಕೆಳದಿಯವರು ಕಲ್ಲಿನಲ್ಲಿ ಕಟ್ಟಿಸಿದ ದೇವಗಂಗೆಯ ಕೊಳಗಳಿಗೆ ಇಂದಿಗೂ ಒರತೆಯ ನೀರು ಹರಿದುಬರುತ್ತದೆ. ಬಿದನೂರಿನ ಕೋಟೆಯಾದರೋ ದಾರಿಯ ಬದಿಯಲ್ಲೇ ಇದೆ. 1763ರಲ್ಲಿ ಹೈದರಾಲಿ ಇದನ್ನು ಹಿಡಿದು ಹೈದರ್‌ನಗರ ಎಂದು ಕರೆದ. 1783ರಲ್ಲಿ ಇಂಗ್ಲಿಷರ ಕೈಸೇರಿ, ಅದೇ ವರ್ಷ ಟಿಪ್ಪುವಿನ ವಶಕ್ಕೆ ಮರಳಿತು. ಇಷ್ಟು ಜನ ಬಯಸಿದ ಊರು ಇಂದು ಹೋಬಳಿ ಕೇಂದ್ರ ಮಾತ್ರ. ಕೋಟೆಯ ಮೇಲೆ ನಿಂತು ಸುತ್ತ ನೋಡಿದರೆ ಪಶ್ಚಿಮಕ್ಕೆ ಘಟ್ಟದ ಸಾಲು ಕಾಣುತ್ತದೆ. ಕೆಳಗಿನ ಬಂದರುಗಳಿಗೆ ಕಾಳುಮೆಣಸು, ಅಕ್ಕಿ ಇಳಿಸುವ ದಾರಿಗಳನ್ನು ಕಾಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಇಲ್ಲಿಂದ ಹುಲಿಕಲ್ ಘಾಟಿಯನ್ನೋ ಕೊಲ್ಲೂರಿನ ದಾರಿಯನ್ನೋ ಇಳಿಯಲು ಆಸೆಯಾಗುತ್ತದೆ. ಸಮುದ್ರದ ಕಡೆಗೇ ಪ್ರವಾಸ ಮುಗಿಸುವವರು ಇಳಿಯಲಿ. ಸುತ್ತಿ ಬರುವವರಿಗೆ ನಾನದನ್ನು ಹೇಳುವುದಿಲ್ಲ, ಏಕೆಂದರೆ ಇಳಿದದ್ದನ್ನೆಲ್ಲ ಲಾರಿಗಳ ಜೊತೆ ಮತ್ತೆ ಹತ್ತಬೇಕು. ಹಾಗೆಯೇ ಶರಾವತಿ ಹಿನ್ನೀರಿನಾಚೆಯ ತುಮರಿ, ಸಿಗಂದೂರಿನ ಕಡೆಯನ್ನೂ ಕೈಬಿಟ್ಟೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರಲ್ಲಿ ತೆರೆದ ಮೇಲೆ ಲಾಂಚಿಗಾಗಿ ಕಾಯುವ ಕಷ್ಟ ಆ ಜನರಿಗೆ ತಪ್ಪಿದೆ, ಅದು ಆಗಬೇಕಾದ್ದೇ. ಆದರೆ ಯಾತ್ರಿಕರ ಕಾರುಗಳೂ ಈಗ ನೇರವಾಗಿ ದಾಟುತ್ತವೆ.

ನಗರದಿಂದ ತೀರ್ಥಹಳ್ಳಿಯ ಕಡೆಗೆ ಸಾಗಿ ಕವಲೇದುರ್ಗಕ್ಕೆ ಒಡೆಯುವ ಹಳ್ಳಿ ರಸ್ತೆಯೇ ಇಡೀ ಮಾರ್ಗದಲ್ಲಿ ನನಗೆ ಹೆಚ್ಚು ಹಿಡಿಸಿದ ತುಂಡು. ಮರಗಳು ಎರಡೂ ಬದಿಯಿಂದ ಬಾಗಿ ಕೂಡಿಕೊಂಡಿರುವುದರಿಂದ ಮಧ್ಯಾಹ್ನದಲ್ಲೂ ಬಿಸಿಲು ತಾಕುವುದಿಲ್ಲ. ನೆರಳಿನ ತಿರುವುಗಳಲ್ಲಿ ಮಳೆಗಾಲ ಮುಗಿದು ಬಹಳ ದಿನಗಳಾದರೂ ಪಾಚಿ ಆರಿರುವುದಿಲ್ಲವಾದ್ದರಿಂದ ನವೆಂಬರ್ ನಡುಭಾಗಕ್ಕೆ ಮೊದಲು ಇಲ್ಲಿಗೆ ಹೋಗಬಾರದು. ಸೈಕಲ್ಲನ್ನು ಬುಡದ ಮನೆಯೊಂದರಲ್ಲಿ ಕೇಳಿಕೊಂಡು ಬಿಟ್ಟು, ಗದ್ದೆಯಂಚಿನಿಂದ ಕಲ್ಲುಹಾಸಿನ ದಾರಿ ಹತ್ತಿದೆ. ಸುತ್ತಿನ ಮೇಲೆ ಸುತ್ತಾಗಿ ಮೂರು ಕೋಟೆಗಳು. ಪ್ರತಿ ಬಾಗಿಲೂ ನೇರವಾಗಿ ಒಳಗೆ ಬಿಡದೆ ತಿರುಗಿಸಿ ಕರೆದೊಯ್ಯುತ್ತದೆ. ಅರಮನೆಯ ತಳಪಾಯದಲ್ಲಿ ಕಲ್ಲಿನ ಒಲೆ, ಬಚ್ಚಲು, ನೀರು ಹೊರಹೋಗುವ ಕಾಲುವೆ ಇನ್ನೂ ಇವೆ. ಒಲೆಯ ಗುಣಿಗಳಲ್ಲಿ ಹುಲ್ಲು ಬೆಳೆದಿತ್ತು, ಅಂಚಿನ ಕಲ್ಲು ಮಾತ್ರ ನೆನ್ನೆ ಕೆತ್ತಿದಂತೆ ಚೂಪಾಗಿತ್ತು.

ಕಾಡಿನ ನಡುವೆ ಕೂರುವ ಆಸೆಯಾದಾಗ ಒಂದು ಎಚ್ಚರ ಬೇಕು. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ. ಈ ಮೂರೂ ತಾಲೂಕುಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಹರಡುವುದು ರಕ್ತ ಹೀರುವ ಸಣ್ಣ ಹುಳವಾದ ಉಣುಗಿನಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ತರಗೆಲೆಯ ಮೇಲೆ ಕೂರದೆ, ಮಲಗದೆ, ರಸ್ತೆಯ ಮೇಲೋ ಮೋರಿಯ ಕಟ್ಟೆಯ ಮೇಲೋ ದಣಿವಾರಿಸಿಕೊಳ್ಳುವುದು, ಸಂಜೆ ಬಿಸಿನೀರಿನ ಸ್ನಾನದ ಹೊತ್ತಿನಲ್ಲಿ ಮೈಯೆಲ್ಲ ನೋಡಿಕೊಳ್ಳುವುದು, ಆರೋಗ್ಯ ಇಲಾಖೆ ಹಂಚುವ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳುವುದು, ಮಂಗ ಸತ್ತ ಸುದ್ದಿಯಿರುವ ಕಾಡನ್ನು ಬಿಟ್ಟು ಸುತ್ತಿಹೋಗುವುದು: ಇಷ್ಟನ್ನು ಊರಿನವರೇ ಪಾಲಿಸುತ್ತಾರೆ, ನಾನೂ ಪಾಲಿಸಿದೆ. ಉಂಬಳದ, ಅಂದರೆ ಜಿಗಣೆಯ ಕಾಟ ಮಳೆಗಾಲದ್ದು, ಅದಕ್ಕೆ ಹೆದರಬೇಕಾಗಿಲ್ಲ.

ತೀರ್ಥಹಳ್ಳಿಯಲ್ಲಿ ತುಂಗೆಯ ದಡದಲ್ಲಿ ಒಂದು ರಾತ್ರಿ ಉಳಿದು, ಕೋಣಂದೂರಿನ ಮೂಲಕ ಹುಂಚಕ್ಕೆ ಬಂದೆ. ಕೆಳದಿಯವರಿಗಿಂತ ಐದಾರು ಶತಮಾನ ಹಿಂದೆ ಇದು ಸಾಂತರರ ರಾಜಧಾನಿ. 1077ರಲ್ಲಿ ಚಟ್ಟಲದೇವಿ ಕಟ್ಟಿಸಿದ ಪಂಚಕೂಟ ಬಸದಿ ಊರಿನ ಒಂದು ಬದಿಗಿದೆ; ಪದ್ಮಾವತಿಯ ದರ್ಶನಕ್ಕೆ ಬರುವವರೆಲ್ಲರೂ ಅಲ್ಲಿಯವರೆಗೆ ನಡೆಯದಿರುವುದರಿಂದ ಅದರ ಮಾನಸ್ತಂಭದ ಬುಡದಲ್ಲಿ ನೆಮ್ಮದಿಯಾಗಿ ಕುಳಿತು ಬುತ್ತಿ ಬಿಚ್ಚುವಷ್ಟು ಜಾಗ, ಸಮಯ ಎರಡೂ ಸಿಕ್ಕಿತು.

ಹುಂಚದಿಂದ ರಿಪ್ಪನ್‌ಪೇಟೆ, ಅಲ್ಲಿಂದ ಆನಂದಪುರ. ಏರುಗಳು ಇಲ್ಲಿ ಸಡಿಲವಾಗಿ, ಅಡಿಕೆಯ ಜಾಗದಲ್ಲಿ ಮತ್ತೆ ಬಯಲುಗದ್ದೆ ಬರುತ್ತದೆ. ಆನಂದಪುರದ ಬಳಿ ಮಲಂದೂರಿನಲ್ಲಿ ವೆಂಕಟಪ್ಪ ನಾಯಕನ ಕಾಲದ ಚಂಪಕ ಸರಸಿ ಎಂಬ ಕಲ್ಲಿನ ಕೊಳವನ್ನು ನೋಡಿಕೊಂಡೆ. ಅಲ್ಲಿಂದ ಸಾಗರಕ್ಕಿರುವುದು ರಾಷ್ಟ್ರೀಯ ಹೆದ್ದಾರಿ 69. ಲಾರಿ, ಬಸ್ಸುಗಳ ಅಂಚಿನಲ್ಲಿ ಅದನ್ನು ತುಳಿಯುವುದರಲ್ಲಿ ನನಗೆ ಸುಖ ಕಾಣಲಿಲ್ಲ. ಆನಂದಪುರಕ್ಕೂ ರೈಲು ನಿಲ್ದಾಣವಿದೆ, ಗಾಡಿಗಳು ಮಾತ್ರ ಕೆಲವೇ. ಆದ್ದರಿಂದ ವೇಳಾಪಟ್ಟಿಯನ್ನು ಹೊರಡುವ ಮೊದಲೇ ಸಾಗರದಲ್ಲಿ ವಿಚಾರಿಸಿ ಬರೆದುಕೊಂಡು, ಚಕ್ರಗಳನ್ನು ಕಳಚಿ ಕಟ್ಟಲು ಅರ್ಧ ಗಂಟೆ ಉಳಿಯುವಂತೆ ನಿಲ್ದಾಣ ತಲುಪುವುದು ಒಳ್ಳೆಯದು.