ಎಳ್ಳಮಾವಾಸ್ಯೆಗೆ ಊರಿಗೆ ಹೊರಟಿದ್ದೀರಾ? ಒಂದು ದಿನ ಮೊದಲೇ ಮುಟ್ಟಿ

ಬೆಂಗಳೂರಿನಲ್ಲಿರುವ ನಮ್ಮ ಕಲಬುರಗಿ ಕಡೆಯವರು ದೀಪಾವಳಿಗೆ ಊರಿಗೆ ಹೋಗದಿದ್ದರೂ ಹೇಗೋ ನಡೆಯುತ್ತದೆ. ಮನೆಯವರೆಲ್ಲ ಹೊಲಕ್ಕೆ ಹೋಗಿ ಪೂಜೆ ಮಾಡಿ ಅಲ್ಲೇ ಉಣ್ಣುವ ಎಳ್ಳಮಾವಾಸ್ಯೆಗೆ ಹೋಗದಿದ್ದರೆ ವರ್ಷಪೂರ್ತಿ ಮಾತು ಕೇಳಬೇಕು. ನಮ್ಮದು ಆಳಂದ ತಾಲ್ಲೂಕು. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಕ್ಯಾಲೆಂಡರ್ ನೋಡಿ. ಈ ಹಬ್ಬ ಒಂದೇ ತಾರೀಖಿಗೆ ನಿಲ್ಲುವುದಿಲ್ಲ. 2024ರ ಜನವರಿ 11ಕ್ಕೆ ಒಂದು ಬಂತು, ಅದೇ ವರ್ಷ ಡಿಸೆಂಬರ್ 30ಕ್ಕೆ ಇನ್ನೊಂದು. ರಜೆ ಎರಡು ದಿನಕ್ಕೆ ಹಾಕಿ: ಅಮಾವಾಸ್ಯೆಗೆ ಒಂದು, ಅದರ ಹಿಂದಿನ ದಿನಕ್ಕೆ ಒಂದು. ಮರುದಿನದ ರಜೆ ಸಿಗದಿದ್ದರೂ ಪರವಾಗಿಲ್ಲ, ಹಿಂದಿನ ದಿನದ್ದು ಬಿಡಬೇಡಿ. ಹಬ್ಬದ ಬೆಳಿಗ್ಗೆ ಇಳಿದರೆ ನೀವು ನೆಂಟರು. ಹಿಂದಿನ ದಿನ ಇಳಿದರೆ ಮನೆಯವರು.

ರೈಲಿನ ಬುಕಿಂಗ್ ಈಗ 60 ದಿನ ಮೊದಲು ಶುರುವಾಗುತ್ತದೆ. ಮುಂಚೆ 120 ಇತ್ತು, 2024ರ ನವೆಂಬರ್‌ನಿಂದ ಇಳಿಸಿದರು. ವರ್ಷದ ಕೊನೆಯ ರಶ್ಶು ಬೇರೆ ಇರುತ್ತದೆ, ಹಾಗಾಗಿ ತತ್ಕಾಲ್ ನಂಬಿ ಕೂರಬೇಡಿ. ಉದ್ಯಾನ್ ಎಕ್ಸ್‌ಪ್ರೆಸ್ ಅಥವಾ ಹಾಸನ–ಸೊಲ್ಲಾಪುರ ಗಾಡಿ ಹಿಡಿದರೆ ರಾತ್ರಿ ಮಲಗಿ ಬೆಳಿಗ್ಗೆ ಕಲಬುರಗಿ. ವಂದೇ ಭಾರತ್ ಜೋರಾಗಿ ಹೋಗುತ್ತದೆ ನಿಜ, ಆದರೆ ಮುಟ್ಟುವುದು ತಡರಾತ್ರಿ. ಆ ಹೊತ್ತಿಗೆ ಹಳ್ಳಿಗೆ ಯಾವ ಬಸ್ಸು? ಸಿಟಿಯಲ್ಲೇ ಮನೆ ಇರುವವರಿಗೆ ಅದು ಸರಿ.

ಬ್ಯಾಗಿನಲ್ಲಿ ಸ್ವೀಟ್ ಬಾಕ್ಸ್ ತುಂಬಬೇಡಿ. ಮನೆಯಲ್ಲಿ ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ ಡಬ್ಬಿ ತುಂಬ ಇರುವಾಗ ಬೆಂಗಳೂರಿನ ಮೈಸೂರ್‌ಪಾಕ್ ಯಾರು ಮುಟ್ಟುತ್ತಾರೆ? ಅಪ್ಪನಿಗೆ ಸ್ವೆಟರ್, ಅವ್ವನಿಗೆ ಬಿಪಿ ಮಾತ್ರೆ ಒಯ್ಯಿರಿ. ನಿಮಗೆ ಹಳೆಯ ಚಪ್ಪಲಿ. ಎರೆ ಹೊಲದ ಬಿರುಕಿನಲ್ಲಿ ಬಿಳಿ ಶೂ ಹಾಕಿಕೊಂಡು ನಡೆದರೆ ಸಣ್ಣ ಹುಡುಗರೂ ನಗುತ್ತಾರೆ.

ಇನ್ನು ನಿಜವಾದ ಕೆಲಸ. ಮನೆ ಮುಟ್ಟಿದ ಕೂಡಲೇ ಅವ್ವ ಅನ್ನುವುದು ಇಷ್ಟೇ: "ಬಂದಿ? ಕೈಕಾಲು ತೊಳ್ಕೊಂಡು ಕಾಯಿ ಸುಲಿಲಾಕ ಕೂಡು." ಭಜ್ಜಿಗೆ (ಎಣ್ಣೆಯಲ್ಲಿ ಕರಿದದ್ದಲ್ಲ, ಕಾಳು-ಸೊಪ್ಪಿನ ಗಟ್ಟಿ ಪಲ್ಯ) ಹಸಿ ತೊಗರಿ, ಅವರೆ, ಬಟಾಣಿ, ಹಸಿ ಕಡಲೆ ಎಲ್ಲ ಸುಲಿಯಬೇಕು. ಮೆಂತ್ಯ, ಪುಂಡಿ ಪಲ್ಯ, ಉಳ್ಳಾಗಡ್ಡಿ ತಪ್ಪಲು ಸೋಸಬೇಕು. ಗಜ್ಜರಿ, ಬದನೆಕಾಯಿ ಹೆಚ್ಚಬೇಕು. ಉಗುರಿನ ಸಂದಿಯೆಲ್ಲ ಹಸಿರಾಗುತ್ತದೆ. ಊರಿನ ಒಂದು ವರ್ಷದ ಸುದ್ದಿ ಆಗಲೇ ಸಿಗುವುದು: ಯಾರ ಹೊಲ ಮಾರಾಟಕ್ಕಿದೆ, ಯಾರ ಮಗಳಿಗೆ ಗಂಡು ಗೊತ್ತಾಯಿತು, ತೊಗರಿಗೆ ಈ ಸಲ ಏನು ರೇಟು. ಗಂಡಸರು ಕಟ್ಟೆಗೆ ಎದ್ದು ಹೋಗಬೇಡಿ. ಕಾಳು ಬೆಂದು, ಸೊಪ್ಪು ಬಿದ್ದು, ಹಸಿಮೆಣಸಿನಕಾಯಿ-ಬಳ್ಳೊಳ್ಳಿ ಖಾರ, ಹುಣಸೆಹುಳಿ ಹಾಕಿದ ಮೇಲೆ ಕಡಲೆ ಹಿಟ್ಟು ಕಲಸಿ ಬಿಡುತ್ತಾರೆ. ಗಂಟಾಗದಂತೆ ದೊಡ್ಡ ಪಾತ್ರೆಯಲ್ಲಿ ತಿರುವುತ್ತಲೇ ಇರಬೇಕು. ಅವ್ವಂದಿರಿಗೆ ಭುಜ ನೋಯುವುದು ಅಲ್ಲೇ. ಆ ಸೌಟು ಇಸಿದುಕೊಳ್ಳಿ. ಸಜ್ಜಿ ರೊಟ್ಟಿ ಬಡಿಯುವುದಕ್ಕೆ ಮಾತ್ರ ಕೈ ಹಾಕಬೇಡಿ, ಹಿಟ್ಟು ಹಾಳು.

ಹಬ್ಬದ ದಿನ ಹೊಲದಲ್ಲಿ ಪಾಂಡವರ ಐದು ಕಲ್ಲಿಗೆ ಪೂಜೆ, ಆಮೇಲೆ ಚರಗ, ಅಂದರೆ ಹೊಲದ ತುಂಬ ಎಡೆ ಚೆಲ್ಲುವುದು. ಒಬ್ಬರು ಎಡೆ ಚೆಲ್ಲುತ್ತ "ಹುಲ್ಲುಲ್ಲಿಗೋ" ಅಂತ ಕೂಗಿದರೆ ಹಿಂದಿನವರು ದನಿ ಕೊಡಬೇಕು. ಕೊಡುವ ಉತ್ತರ ಊರೂರಿಗೆ ಬೇರೆ, ನಿಮ್ಮ ಕಾಕಾನನ್ನು ಕೇಳಿಕೊಳ್ಳಿ. ನಾಚಿಕೊಂಡು ಫೋನಿನಲ್ಲಿ ವಿಡಿಯೋ ಮಾಡುತ್ತ ನಿಂತರೆ ಅವರು ಗೇಲಿ ಮಾಡದೆ ಬಿಡುವುದಿಲ್ಲ.

ಊಟಕ್ಕೆ ಕುಳಿತಾಗ ಹುಷಾರು. ಬದುವಿನ ಆಚೆಯವರು ಕರೆದೇ ಕರೆಯುತ್ತಾರೆ, ಒಲ್ಲೆ ಅನ್ನುವ ಹಾಗಿಲ್ಲ. ನಿಮ್ಮ ಹೊಲದಲ್ಲಿ ಅರ್ಧ ಹೊಟ್ಟೆ ಉಣ್ಣಿ. ಬೇರೆಯವರಲ್ಲಿ ಒಂದು ಸಜ್ಜಿ ಕಡುಬು, ಎರಡು ತುತ್ತು ಭಜ್ಜಿ ಸಾಕು. ಅಂಬಲಿ ಕೊನೆಗೆ. ಮೊದಲೇ ಕುಡಿದರೆ ಮರದ ಕೆಳಗೆ ನಿದ್ದೆಗೆ ಬೀಳುತ್ತೀರಿ.

ವಾಪಸ್ ಹೊರಡುವಾಗ ಅವ್ವ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕಟ್ಟುತ್ತಾಳೆ. ಚೆನ್ನಾಗಿ ಒಣಗಿದ್ದನ್ನೇ ಕೇಳಿ, ಬಟ್ಟೆಯಲ್ಲಿ ಸುತ್ತಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಮೆತ್ತಗಾಗುತ್ತದೆ. ಭಜ್ಜಿ ಸ್ಟೀಲ್ ಡಬ್ಬಿಯಲ್ಲಿ ಹಾಕಿಸಿಕೊಂಡು ಮರುದಿನವೇ ಮುಗಿಸಿ. ಆವತ್ತಿಗಿಂತ ಮರುದಿನವೇ ಅದರ ರುಚಿ ಜಾಸ್ತಿ, ಅಲ್ವಾ? ಹಬ್ಬದ ಸಂಜೆ ಕಲಬುರಗಿಗೆ ಬರುವ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ರೈಲು ಒಂಬತ್ತಕ್ಕಿದ್ದರೆ ನಾಲ್ಕಕ್ಕೇ ಊರು ಬಿಡಿ, ಇಲ್ಲವೇ ಅಣ್ಣನ ಬೈಕ್‌ಗೆ ಪೆಟ್ರೋಲ್ ಹಾಕಿಸಿಡಿ.